ಹೊಲದ ಬೇಲಿ ಸುಲಭ, ಮನೆ ಬೇಲಿ ಯಾಕೆ ಕಷ್ಟ?

ಹೊಲಕ್ಕೆ ಬೇಲಿ ಹಾಕೋಕೆ ನಾವ್ಯಾರೂ ಪಂಚಾಯ್ತಿಗೆ ಹೋಗಲ್ಲ. ಹದ್ದುಬಸ್ತಿಗೆ ಅರ್ಜಿ ಕೊಡ್ತೀವಿ, ಸರ್ವೆಯವರು ಬಂದು ಗಡಿ ತೋರಿಸ್ತಾರೆ, ಕಲ್ಲುಕಂಬ ನೆಟ್ಟು ತಂತಿ ಎಳೀತೀವಿ. ಅದೇ ಮನೆ ಸುತ್ತ ಕಾಂಪೌಂಡ್ ಅಂತ ಹೊರಟರೆ ಅರ್ಜಿ, ನಕ್ಷೆ, ಪಕ್ಕದವರ ತಕರಾರು, ಪಿಡಿಒ ಸ್ಥಳ ಪರಿಶೀಲನೆ ಅಂತ ತಿಂಗಳುಗಟ್ಟಲೆ ಓಡಾಟ. ನಾಲ್ಕು ಎಕರೆಗೆ ಇಲ್ಲದ ಕಷ್ಟ ಒಂದು ಗುಂಟೆಗೆ ಯಾಕೆ? ಸಿರಿಗೆರೆ ಸುತ್ತಮುತ್ತಲಿನ ಕೆಲವು ರೈತರು ಇದನ್ನೇ ಕೇಳಿದರು. ಇದಕ್ಕೆ ಬರೀ ಆಫೀಸಿನವರನ್ನ ಬೈದರೆ ಉತ್ತರ ಸಿಗಲ್ಲ. ಉತ್ತರ ಇರೋದು 160 ವರ್ಷದ ಹಿಂದೆ.

ಅದಕ್ಕೂ ಹಿಂದೆ ಬೇಲಿ ಅನ್ನೋದು ಮನೆಗಿಂತ ಹೆಚ್ಚಾಗಿ ಊರಿನದು. 1800-01ರಲ್ಲಿ ಮೈಸೂರು ಸೀಮೆ ತಿರುಗಿದ ಫ್ರಾನ್ಸಿಸ್ ಬುಕಾನನ್, ಊರುಗಳ ಸುತ್ತ ಮಣ್ಣಿನ ಕೋಟೆ, ಮುಳ್ಳುಬೇಲಿ ಇದ್ದದ್ದನ್ನ ಬರೆದಿಟ್ಟಿದ್ದಾನೆ. ಪಾಳೆಯಗಾರರ ಕಾಲ, ದಂಡು, ದರೋಡೆ ಎರಡರ ಭಯವೂ ಇತ್ತು. ನಾವು ಇವತ್ತಿಗೂ ‘ಊರುಬಾಗಿಲು’ ಅಂತೀವಲ್ಲ, ಆ ಮಾತು ಆಗಿನದು. ಬೇಲಿ ಊರಿನದಾದ ಮೇಲೆ ಒಳಗಿನ ಹಿತ್ತಲು, ತಿಪ್ಪೆ, ಬಣವೆ ಜಾಗ ಯಾರದು ಅನ್ನೋದು ಬಾಯಿಮಾತಿನಲ್ಲೇ ನಡೀತಿತ್ತು.

ಆಮೇಲೆ ಬಂತು ಸರ್ವೆ. ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಮೈಸೂರು ಸೀಮೆಯಲ್ಲಿ ಬಾಂಬೆ ಪದ್ಧತಿಯ ಕಂದಾಯ ಸರ್ವೆ ಶುರುವಾಯ್ತು. ಸರ್ವೆ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲ ಅಂದರೆ 1089 ಚದರಡಿ, ಅದೇ ನಮ್ಮ ಗುಂಟೆ. ಅಂಥ 40 ಗುಂಟೆಗೆ ಒಂದು ಎಕರೆ. ಹೊಲ ಹೊಲಕ್ಕೂ ಸರ್ವೆ ನಂಬರು ಬಂತು, ಮೂಲೆಗೆ ಕಲ್ಲು ಬಂತು, ಅಳತೆ ಟಿಪ್ಪಣಿಗೆ ಹೋಯ್ತು, ಗ್ರಾಮನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿಗೆ ಚುಕ್ಕೆ ಗೆರೆ ಬಿತ್ತು. ನಿಮ್ಮ ಬದುವಿನ ಮೂಲೆಯಲ್ಲಿರೋ ಹಳೇ ಕಲ್ಲು ಕಿತ್ತುಹೋದರೂ ಆ ದಾಖಲೆ ಹಿಡಿದು ಮತ್ತೆ ಅದೇ ಜಾಗಕ್ಕೆ ಕಲ್ಲು ನೆಡಬಹುದು. ಹೊಲದ ಬೇಲಿ ಸುಲಭ ಆಗಿದ್ದು ಇದರಿಂದ.

ಆದರೆ ಆ ಸರ್ವೆ ನಡೆದದ್ದು ಕಂದಾಯಕ್ಕೆ. ಭೂಕಂದಾಯ ಬರೋದು ಹೊಲ, ಗದ್ದೆ, ತೋಟದಿಂದ, ಮನೆ ಕಟ್ಟಿದ ಜಾಗದಿಂದಲ್ಲ. ಹಾಗಾಗಿ ಊರನ್ನ ಒಟ್ಟಾಗಿ ಗ್ರಾಮಠಾಣಾ ಅಂತ ಸುತ್ತುಗೆರೆ ಹಾಕಿ ಬಿಟ್ಟರು. ಗೆರೆ ಒಳಗೆ ಯಾರ ಮನೆ ಎಲ್ಲಿಗೆ ಮುಗೀತು, ಓಣಿ ಎಷ್ಟು ಅಡಿ ಅಂತ ಅಳೆಯಲಿಲ್ಲ. ಹೊಲಕ್ಕೆ ಆಣೆ ಲೆಕ್ಕದಲ್ಲಿ ಅಳತೆ, ಊರಿಗೆ ಖಾಲಿ ಜಾಗ! ನಮ್ಮ ಇವತ್ತಿನ ತಕರಾರೆಲ್ಲ ಆ ಖಾಲಿ ಜಾಗದಲ್ಲೇ ಹುಟ್ಟಿದ್ದು.

ಅಷ್ಟು ವರ್ಷ ಹೇಗೆ ನಡೀತು ಅಂದರೆ, ಬಲ್ಲವರಿದ್ದರು. ಪಟೇಲರು, ಶಾನುಭೋಗರು, ತಳವಾರ, ತೋಟಿ ಇವರಿಗೆ ಊರಿನ ಮೂಲೆ ಮೂಲೆ ಗೊತ್ತಿತ್ತು. ಅದರಲ್ಲಿ ನ್ಯಾಯ ಎಲ್ಲರಿಗೂ ಒಂದೇ ಸಮ ಸಿಕ್ತು ಅಂತ ನಾನು ಹೇಳಲ್ಲ. ಕೈ ಜೋರಿದ್ದವನ ಬೇಲಿ ಒಂದಡಿ ಮುಂದೆ ಬರ್ತಿತ್ತು, ಕೇರಿಯವರ ಮಾತಿಗೆ ಬೆಲೆ ಕಮ್ಮಿ. 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯಿಂದ ವಂಶಪಾರಂಪರ್ಯದ ಈ ಹುದ್ದೆಗಳು ಹೋದವು, ಗ್ರಾಮ ಲೆಕ್ಕಿಗರು ಬಂದರು. ವಂಶದ ಯಜಮಾನಿಕೆ ಹೋಗಿದ್ದು ಒಳ್ಳೇದೇ. ಆದರೆ ಅವರ ತಲೆಯಲ್ಲಿದ್ದ ಊರಿನ ನಕ್ಷೆ ಕಾಗದಕ್ಕೆ ಇಳಿಯಲೇ ಇಲ್ಲ.

ಈಗಿನ ನಿಯಮ ನಿಂತಿರೋದು 1993ರ ಪಂಚಾಯತ್ ರಾಜ್ ಕಾಯ್ದೆ ಮೇಲೆ. ಅದರ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯ್ತಿಯ ಲಿಖಿತ ಅನುಮತಿ ಇಲ್ಲದೆ ಕಟ್ಟಡ ಕಟ್ಟುವಂತಿಲ್ಲ. ಕಟ್ಟಡ ಅಂದರೆ ಮನೆ ಒಂದೇ ಅಲ್ಲ, ಗೋಡೆಯೂ ಸೇರುತ್ತೆ. ‘ನಂದು ಬರೀ ತಂತಿಬೇಲಿ’ ಅಂದರೂ ದಾರಿ ಮೇಲೆ ಬಂದರೆ ಒತ್ತುವರಿ ಅಂತ ತೆಗೆಸೋ ಅಧಿಕಾರ ಪಂಚಾಯ್ತಿಗಿದೆ. 2013ರಿಂದ ಇ-ಸ್ವತ್ತು ಬಂತು, ನಮೂನೆ 9, ನಮೂನೆ 11 ನಮ್ಮ ಬಾಯಲ್ಲೂ ಓಡಾಡೋ ಮಾತಾದವು. ಅರ್ಜಿ ಕೊಟ್ಟಾಗ ಅವರು ಮೊದಲು ನೋಡೋದು ಅಳತೆ ಮತ್ತು ಚಕ್ಕುಬಂದಿ. ನಮ್ಮ ಅಜ್ಜಂದಿರ ಪತ್ರದಲ್ಲಿ ‘ಪೂರ್ವಕ್ಕೆ ದಾರಿ, ಪಶ್ಚಿಮಕ್ಕೆ ಇಂಥವರ ಹಿತ್ತಲು’ ಅಂತಿರುತ್ತೆ, ಎಷ್ಟು ಅಡಿ ಅಂತಿರಲ್ಲ. ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಪಂಚಾಯ್ತಿಯವರು ಕೇಳ್ತಿರೋದು ಬೇಲಿ ಎಂಥದ್ದು ಅಂತಲ್ಲ, ಗೆರೆ ಎಲ್ಲಿ ಅಂತ.

ಗೆರೆ ಇಲ್ಲದಾಗ ಜಗಳ, ಜಗಳ ಆದಾಗ ಕೋರ್ಟು. ನಮ್ಮ ಕಡೆ ಇನ್ನೊಂದು ದಾರಿ ಉಂಟು, ಸಿರಿಗೆರೆಯ ಸದ್ಧರ್ಮ ನ್ಯಾಯಪೀಠ. ಸೋಮವಾರ ಎರಡೂ ಕಡೆಯವರು ಕಾಗದ ಹಿಡಿದು ಬರೋದು, ಮಾತಾಡಿ ರಾಜಿಯಾಗೋದು ನೀವೇ ನೋಡಿದ್ದೀರಿ. ಒಂದು ವಿಷಯ ನೆನಪಿರಲಿ: ರಾಜಿಯಾದರೆ ಮನಸ್ಸು ತಿಳಿಯಾಗುತ್ತೆ, ಪಂಚಾಯ್ತಿ ಪರವಾನಗಿ ಬಂದಂತಲ್ಲ. ರಾಜಿಯಾದ ಅಳತೆಯನ್ನ ದಾಖಲೆಗೆ ತರಿಸೋ ಕೆಲಸ ನಮ್ಮದೇ.

ಬಿಟ್ಟುಹೋದ ಸರ್ವೆ ಈಗ ಶುರುವಾಗಿದೆ. 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರ ಸ್ವಾಮಿತ್ವ ಯೋಜನೆ ಘೋಷಿಸಿತು, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಸ್ವತ್ತಿನ ಅಂಚಿಗೆ ಸುಣ್ಣದ ಗೆರೆ ಹಾಕ್ತಾರೆ, ಡ್ರೋನ್ ಮೇಲಿಂದ ಫೋಟೋ ತೆಗೆಯುತ್ತೆ, ಕರಡು ನಕ್ಷೆ ಬರುತ್ತೆ, ತಕರಾರು ಕೇಳ್ತಾರೆ, ಆಮೇಲೆ ಆಸ್ತಿ ಕಾರ್ಡು. 1863ರ ಸರಪಳಿ ಹೊಲಕ್ಕೆ ಮಾಡಿದ್ದನ್ನ ಡ್ರೋನ್ ಮನೆಗೆ ಮಾಡ್ತಿದೆ. ಆಗಿನ ಕಲ್ಲು ಇವತ್ತಿಗೂ ಲೆಕ್ಕಕ್ಕಿದೆ ಅಂದಮೇಲೆ, ಈಗ ಬೀಳೋ ಸುಣ್ಣದ ಗೆರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಆ ದಿನ ಅಡಿಕೆ ಕೊಯ್ಲಿದೆ, ಸಂತೆ ಇದೆ ಅಂತ ಹೋಗಬೇಡಿ. ಒಂಟಿ ಹೆಣ್ಣುಮಕ್ಕಳು, ವಯಸ್ಸಾದವರು ಇರೋ ಮನೆ ಹತ್ತಿರ ನೀವೇ ಹೋಗಿ ನಿಂತುಕೊಳ್ಳಿ. ಅವರ ಒಂದಡಿ ಹೋಗೋದು ಅಂಥ ದಿನವೇ.

ಇನ್ನೊಂದು ಮಾತು, ಓಣಿ ಬಗ್ಗೆ. ನಮ್ಮ ಓಣಿಗಳು ಎತ್ತಿನಗಾಡಿ ಅಗಲಕ್ಕೆ ಹುಟ್ಟಿದವು. ಎರಡೂ ಕಡೆಯವರು ಅರ್ಧರ್ಧ ಅಡಿ ಮುಂದೆ ಬಂದಿದ್ದಕ್ಕೆ ನಮ್ಮ ಓಣಿಗೆ ಆಂಬುಲೆನ್ಸ್ ಒಳಗೆ ಬರಲಿಲ್ಲ, ಅಜ್ಜಿಯೊಬ್ಬರನ್ನ ಮಂಚದ ಸಮೇತ ಮೇನ್ ರೋಡಿಗೆ ಹೊತ್ತೆವು. ಪರವಾನಗಿ ಅನ್ನೋದು ಬರೀ ಆಫೀಸಿನ ಕಿರಿಕಿರಿ ಅಂತ ಅವತ್ತಿನಿಂದ ನನಗೆ ಅನ್ನಿಸ್ತಿಲ್ಲ.

ಬೇಲಿ ಹಾಕೋ ಯೋಚನೆ ಇದ್ದವರು ಕಂಬಕ್ಕೆ ಅಡ್ವಾನ್ಸ್ ಕೊಡೋಕೆ ಮುಂಚೆ ನಮೂನೆ 9 ತೆಗೆದು ಅಳತೆ ನೋಡಿ. ಪಕ್ಕದವರನ್ನ ಕರೆದು ಅವರೆದುರೇ ಟೇಪು ಹಿಡೀರಿ. ಹೊಂದದಿದ್ದರೆ ಮೊದಲು ಅಳತೆ ಸರಿಮಾಡಿಸಿ, ಆಮೇಲೆ ಪರವಾನಗಿ ಅರ್ಜಿ. ಅರ್ಜಿಗೆ ಸ್ವೀಕೃತಿ ತಗೊಳ್ಳೋದು ಮರೀಬೇಡಿ. ನಿಮ್ಮೂರಿಗೆ ಡ್ರೋನ್ ಬಂದು ಹೋಗಿದೆಯಾ, ಕಾರ್ಡು ಸಿಕ್ಕಿದೆಯಾ ಅಂತ ಕೆಳಗೆ ಬರೀರಿ, ಉಳಿದವರಿಗೂ ಗೊತ್ತಾಗಲಿ.