ಮುಚ್ಚಿದ ಬಾಗಿಲ ಹಿಂದೆ ಪುನರುತ್ಥಾನ ಗಾನ

ಪಾಸ್ಖ ಹಬ್ಬದಂದು ಗಾನವೃಂದದವರು ತುಂಬುಕಂಠದಿಂದ ಹಾಡುವುದು ನಮಗೆ ಸಹಜವೆನಿಸಿದೆ. ಆದರೆ ಆ ಮಹೋತ್ಸವದ ಗೀತೆಗಳನ್ನು ಬಾಗಿಲು ಮುಚ್ಚಿಕೊಂಡು ಹಾಡಬೇಕಾದ ಕಾಲವೂ ಪವಿತ್ರ ಧರ್ಮಸಭೆಯ ಚರಿತ್ರೆಯಲ್ಲಿ ಉಂಟು.

ಇಂಗ್ಲೆಂಡಿನ ಸಂಗೀತ ರಚನಕಾರ ವಿಲಿಯಂ ಬರ್ಡ್ 1572ರಲ್ಲಿ ಒಂದನೆಯ ಎಲಿಜಬೆತ್ ರಾಣಿಯ ಆಸ್ಥಾನದ ಪ್ರಾರ್ಥನಾವೃಂದವನ್ನು ಸೇರಿದನು. ರಾಣಿ ಪ್ರೊಟೆಸ್ಟಂಟಳು, ಬರ್ಡ್ ಕಥೋಲಿಕನು. ರಾಜ್ಯದ ಚರ್ಚಿನ ಆರಾಧನೆಗೆ ಬಾರದವರಿಗೆ 1581ರ ಕಾನೂನು ತಿಂಗಳಿಗೆ 20 ಪೌಂಡುಗಳ ದಂಡವನ್ನು ವಿಧಿಸಿತು. ವಿದೇಶದಲ್ಲಿ ದೀಕ್ಷೆ ಪಡೆದು ಬಂದ ಗುರುಗಳು ರಾಜದ್ರೋಹಿಗಳೆಂದೂ ಅವರಿಗೆ ಆಶ್ರಯವಿತ್ತವರು ಮರಣದಂಡನೆಗೆ ಅರ್ಹರೆಂದೂ 1585ರ ಕಾನೂನು ಸಾರಿತು. ಬರ್ಡನ ಮನೆಯವರೂ ಆಪಾದಿತರಾದರು. ರಾಣಿಗೆ ಆತನ ಸಂಗೀತದಲ್ಲಿದ್ದ ಒಲವೇ ಆತನನ್ನು ಕಾಪಾಡಿತೆಂದು ತೋರುತ್ತದೆ. ಹಾಗೆಂದು ಆತನನ್ನು ಹುತಾತ್ಮರ ಸಾಲಿನಲ್ಲಿ ನಿಲ್ಲಿಸುವುದು ತರವಲ್ಲ. ರಾಜ್ಯದ ಚರ್ಚಿಗೂ ಇಂಗ್ಲಿಷ್ ಕೀರ್ತನೆಗಳನ್ನು ರಚಿಸಿಕೊಟ್ಟವನು ಅವನೇ.

1590ರ ದಶಕದಲ್ಲಿ ಆತನು ಎಸೆಕ್ಸ್ ಪ್ರಾಂತದ ಸ್ಟಾಂಡನ್ ಮ್ಯಾಸಿ ಎಂಬ ಹಳ್ಳಿಗೆ ಬಂದು ನೆಲೆಸಿದನು. ಸಮೀಪದ ಇಂಗೆಟ್‌ಸ್ಟೋನಿನಲ್ಲಿ ಕಥೋಲಿಕ ಪೀಟರ್ ಮನೆತನದವರ ಬಂಗಲೆಯಿತ್ತು. ಇಂಥ ಮನೆಗಳಲ್ಲಿ ಗುಟ್ಟಾಗಿ ನಡೆಯುವ ಬಲಿಪೂಜೆಗೆ ಒದಗುವಂತೆ, ವರ್ಷದ ಮುಖ್ಯ ಹಬ್ಬಗಳ ಲತೀನ್ ಗೀತೆಗಳಿಗೆ ಆತನು ಸ್ವರ ಸಂಯೋಜಿಸಿದನು. ‘ಗ್ರಾದುವಾಲಿಯ’ ಎಂಬ ಆ ಸಂಗ್ರಹ 1605 ಮತ್ತು 1607ರಲ್ಲಿ ಎರಡು ಭಾಗಗಳಾಗಿ ಅಚ್ಚಾಯಿತು. ಮೊದಲ ಭಾಗ ಹೊರಬಂದ ವರ್ಷವೇ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉಡಾಯಿಸುವ ಒಳಸಂಚು ಬಯಲಾಯಿತು. ಕಥೋಲಿಕರೆಲ್ಲರ ಮೇಲೂ ಸಂಶಯದ ಕಣ್ಣು ಬಿತ್ತು. ಈ ಪುಸ್ತಕವನ್ನು ಇಟ್ಟುಕೊಂಡಿದ್ದುದಕ್ಕಾಗಿ ಒಬ್ಬನು ಸೆರೆಮನೆಗೂ ಹೋದನು.

ಆದರೂ 1607ರ ಎರಡನೆಯ ಭಾಗದಲ್ಲಿ, ಪಾಸ್ಖ ಭಾನುವಾರದ ಪೂಜೆಗೆ ಬೇಕಾದ ಪ್ರವೇಶಗೀತೆಯಿಂದ ಪರಮಪ್ರಸಾದಗೀತೆಯವರೆಗಿನ ಎಲ್ಲವನ್ನೂ ಬರ್ಡ್ ಐದು ಧ್ವನಿಗಳಿಗೆ ಅಳವಡಿಸಿದನು. ಇವುಗಳಲ್ಲಿ ಆಡಂಬರವಿಲ್ಲ. ಹಾಡುವವರು ಕೆಲವರೇ, ಹೊತ್ತೂ ಅಲ್ಪ. ಆದ್ದರಿಂದ ರಚನೆಗಳೂ ಚಿಕ್ಕವು. ಭೂಮಿ ನಡುಗಿ ಸ್ತಬ್ಧವಾದುದನ್ನೂ ದೇವರು ನ್ಯಾಯತೀರ್ಪಿಗೆ ಎದ್ದುದನ್ನೂ ಹೇಳುವ ಕೀರ್ತನೆಯ ಮಾತು ಕಾಣಿಕೆಯ ಗೀತೆಯಲ್ಲಿ ಬರುತ್ತದೆ. ಅದು ಒಂದೆರಡು ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಅಷ್ಟರಲ್ಲಿಯೇ ನಡುಕದ ಮಾತಿಗೆ ಸ್ವರಗಳು ಕಂಪಿಸುತ್ತವೆ, ಏಳುವ ಮಾತಿಗೆ ಮೇಲೇರುತ್ತವೆ. 1591ರಲ್ಲಿ ಆರು ಧ್ವನಿಗಳಿಗೆ ರಚಿಸಿದ್ದ ‘ಹೆಕ್ ದಿಯೆಸ್’ ಇದಕ್ಕಿಂತ ಹೆಚ್ಚು ಪ್ರಸಿದ್ಧ. ಅದರಲ್ಲಿ ಸಂತೋಷಪಡೋಣವೆಂಬ ಮಾತು ಬಂದೊಡನೆ ಲಯವೇ ಬದಲಾಗಿ ಕುಣಿಯತೊಡಗುತ್ತದೆ. ನನ್ನ ಮಟ್ಟಿಗೆ ಮಾತ್ರ ಆ ಪುಟ್ಟ ಕಾಣಿಕೆಗೀತೆಯೇ ಹಿರಿದು.

ದೈವಿಕ ವಾಕ್ಯಗಳಲ್ಲಿ ಗುಪ್ತವಾದ ಶಕ್ತಿಯೊಂದಿದೆ, ಅವನ್ನು ಮನನ ಮಾಡುವವನಿಗೆ ತಕ್ಕ ಸ್ವರಗಳು ತಾವಾಗಿಯೇ ಒದಗಿಬರುತ್ತವೆ ಎಂಬ ಅರ್ಥದ ಮಾತನ್ನು 1605ರ ಅರ್ಪಣೆಯಲ್ಲಿ ಬರ್ಡ್ ಬರೆದಿದ್ದಾನೆ.

ಆತನು 1623ರ ಜುಲೈ 4ರಂದು ತೀರಿಕೊಂಡನು. ಇಂಗ್ಲೆಂಡಿನ ಕಥೋಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದದ್ದು 1829ರಲ್ಲಿ. 20ನೆಯ ಶತಮಾನದ ಆರಂಭದಲ್ಲಿ, ಲಂಡನಿನ ವೆಸ್ಟ್‌ಮಿನ್‌ಸ್ಟರ್ ಕಥೋಲಿಕ ಪ್ರಧಾನಾಲಯದ ಸಂಗೀತ ನಿರ್ದೇಶಕ ರಿಚರ್ಡ್ ಟೆರಿಯವರು ಬರ್ಡನ ಲತೀನ್ ಸಂಗೀತವನ್ನು ಮತ್ತೆ ಬಲಿಪೂಜೆಯಲ್ಲಿ ಹಾಡಿಸಿದರು. ಈ ಸಲ ಬಾಗಿಲುಗಳು ತೆರೆದಿದ್ದವು.