ಮರೀನಾ ಬೀಚಿನ ಮರಳು ಯಾರದ್ದು?

ಕಡಲ್ಕೊರೆತದ ಕಥೆ, ಕಂತು 3

ಚೆನ್ನೈಗೆ ಹೋಗಿ ಮರೀನಾದಲ್ಲಿ ಒಂದು ಫೋಟೋ ಹಾಕದೆ ಬಂದವರು ಯಾರಾದರೂ ಉಂಟಾ? ರಸ್ತೆಯಿಂದ ನೀರಿನ ತನಕ ನಡೆದು ಕಾಲು ಸೋಲುವಷ್ಟು ಮರಳು. ಆದರೆ 150 ವರ್ಷ ಹಿಂದೆ ಅಲ್ಲಿ ಅಷ್ಟು ಮರಳೇ ಇರಲಿಲ್ಲ ಮಾರಾಯ್ರೇ. ಕಡಲು ಈಗಿನ ರಸ್ತೆಯ ಹತ್ತಿರವೇ ಇತ್ತು. ಅಷ್ಟು ದೊಡ್ಡ ಬೀಚ್ ಆದದ್ದು ಬಂದರು ಕಟ್ಟಿದ ಮೇಲೆ.

ಮದ್ರಾಸಿಗೆ ಆಗ ಬಂದರು ಅಂತ ಇರಲಿಲ್ಲ. ಹಡಗು ದೂರದಲ್ಲಿ ಲಂಗರು ಹಾಕುತ್ತಿತ್ತು. ಜನ, ಸಾಮಾನು ಎಲ್ಲ ದಡಕ್ಕೆ ಬರುತ್ತಿದ್ದದ್ದು ಮಸೂಲಾ ದೋಣಿಯಲ್ಲಿ. ಮೊಳೆ ಹೊಡೆಯದೆ, ತೆಂಗಿನ ನಾರಿನ ಹಗ್ಗದಿಂದ ಹಲಗೆಗಳನ್ನು ಹೊಲಿದು ಮಾಡಿದ ದೋಣಿ ಅದು. ಅಲೆ ಬಡಿದರೆ ಬಳುಕುತ್ತದೆ, ಒಡೆಯುವುದಿಲ್ಲ. (ಇದರ ಬಗ್ಗೆಯೇ ಒಂದು ಕಂತು ಬರೆಯಬೇಕು.) 1875ರಲ್ಲಿ ಬ್ರಿಟಿಷ್ ಯುವರಾಜ, ಅಂದರೆ ಮುಂದೆ ಏಳನೇ ಎಡ್ವರ್ಡ್ ಆದವನು, ಬಂದರಿಗೆ ಅಡಿಗಲ್ಲು ಹಾಕಿದ. ಕಡಲಿನೊಳಗೆ ಎರಡು ತೋಳು ಚಾಚಿದ ಹಾಗೆ ಗೋಡೆ ಎದ್ದಿತು. ಕೆಲಸ ಮುಗಿಯುತ್ತಾ ಬಂದಾಗ 1881ರ ಚಂಡಮಾರುತ ಅದನ್ನು ಕೆಡವಿ ಹಾಕಿತು. ಪುನಃ ಕಟ್ಟಿದರು.

ಚಂಡಮಾರುತಕ್ಕಿಂತ ದೊಡ್ಡ ತಲೆನೋವು ಮರಳಿನದ್ದು. ಆ ಕರಾವಳಿಯಲ್ಲಿ ಅಲೆ ದಡಕ್ಕೆ ಓರೆಯಾಗಿ ಬಡಿಯುತ್ತದೆ. ಅದರ ಜೊತೆ ಮರಳು ದಡದ ಉದ್ದಕ್ಕೂ ಸರಿಯುತ್ತಾ ಹೋಗುತ್ತದೆ, ವರ್ಷದ ಲೆಕ್ಕದಲ್ಲಿ ಹೆಚ್ಚಿನಂಶ ತೆಂಕಿನಿಂದ ಬಡಗಿಗೆ. ಅದರ ದಾರಿಗೆ ಬಂದರಿನ ಗೋಡೆ ಅಡ್ಡ ನಿಂತಿತು. ತೆಂಕಿನಲ್ಲಿ ಮರಳು ಜಮೆಯಾಗುತ್ತಾ ಹೋಯಿತು. ಗವರ್ನರ್ ಗ್ರಾಂಟ್ ಡಫ್ 1884ರಲ್ಲಿ ಅಲ್ಲಿ ವಿಹಾರದ ದಾರಿ ಮಾಡಿಸಿ ಮರೀನಾ ಅಂತ ಹೆಸರಿಟ್ಟ. ಅಷ್ಟರಲ್ಲಿ ಪೂರ್ವಕ್ಕಿದ್ದ ಬಂದರಿನ ಬಾಯಿಗೂ ಮರಳು ತುಂಬಿಕೊಳ್ಳತೊಡಗಿತು. ಕೊನೆಗೆ 20ನೇ ಶತಮಾನದ ಆರಂಭದಲ್ಲಿ ಅದನ್ನು ಮುಚ್ಚಿ, ಈಶಾನ್ಯಕ್ಕೆ ಬೇರೆ ಬಾಯಿ ತೆಗೆದರು.

ಈಗ ಬಡಗಿಗೆ ಬನ್ನಿ, ರಾಯಪುರಂಗೆ. ಬಿಕಾಂ ಮಕ್ಕಳಿಗೆ ಹೇಳಬೇಕಾ, ಒಂದು ಖಾತೆಯಲ್ಲಿ ಜಮೆ ಆದದ್ದು ಇನ್ನೊಂದು ಖಾತೆಯಿಂದ ಹೋಗಿರಲೇಬೇಕು. ಅಲ್ಲಿಗೆ ಬರಬೇಕಿದ್ದ ಮರಳು ಬರಲಿಲ್ಲ, ಕಡಲು ಕೊಂಡುಹೋಗುವುದು ಮಾತ್ರ ನಿಲ್ಲಲಿಲ್ಲ. ದೋಣಿ ಎಳೆದಿಡುವ, ಬಲೆ ಒಣಗಿಸುವ ಜಾಗ ಹೋಯಿತು, ಮನೆಗಳೂ ಹೋದವು. ಕಲ್ಲಿನ ಗೋಡೆ ಹಾಕಿದರು. ಕೊರೆತ ಗೋಡೆ ಮುಗಿದಲ್ಲಿಂದ ಇನ್ನೂ ಬಡಗಿಗೆ ಸರಿಯಿತು. ಅಲ್ಲಿಗೂ ಕಲ್ಲು. ಮರೀನಾದ ಫೋಟೋ ಎಲ್ಲರ ಹತ್ತಿರ ಇದೆ, ಇದರ ಫೋಟೋ ಎಷ್ಟು ಜನರ ಹತ್ತಿರ ಇದೆ?

ಗೋಡೆ ಯಾಕೆ ಹಾಗೆ ಮಾಡುತ್ತದೆ? ಇಳಿಜಾರು ಮರಳಿನ ಮೇಲೆ ಅಲೆ ಹತ್ತಿ, ಸುಸ್ತಾಗಿ ಇಳಿಯುತ್ತದೆ. ನೆಟ್ಟಗಿನ ಗೋಡೆಗೆ ಬಡಿದರೆ ಅದೇ ರಭಸದಲ್ಲಿ ವಾಪಸ್ಸು ಬಂದು ಬುಡದ ಮರಳನ್ನೇ ಕೆರೆಯುತ್ತದೆ. ಗೋಡೆಯ ತುದಿಯಲ್ಲಿ ಪಕ್ಕದವರ ಜಾಗಕ್ಕೆ ನುಗ್ಗುತ್ತದೆ. ಬರೀ ಬಂಡೆ ತಂದು ಸುರಿದರೂ ಅಷ್ಟೇ. ಅಡಿಯಲ್ಲಿ ಮರಳು ಸೋರದ ಹಾಗೆ ಗಟ್ಟಿ ಬಟ್ಟೆಯಂಥದ್ದು ಹಾಸಿ, ಮೇಲೆ ಸಣ್ಣ ಕಲ್ಲು, ಅದರ ಮೇಲೆ ದೊಡ್ಡದು ಇಡದಿದ್ದರೆ ಬಂಡೆಗಳು ಒಂದೊಂದಾಗಿ ಹೂತುಹೋಗುತ್ತವೆ.

ಬೇರೆ ದಾರಿ ಇಲ್ಲವಾ? ಉಂಟು. 1933ರಲ್ಲಿ ಶುರುವಾದ ವಿಶಾಖಪಟ್ಟಣ ಬಂದರಿನಲ್ಲಿ ಎರಡು ಹಳೇ ಹಡಗಿಗೆ ಕಲ್ಲು ತುಂಬಿ, ಬೇಕೆಂದೇ ಮುಳುಗಿಸಿ, ಅಲೆಗೆ ಅಡ್ಡ ಮಾಡಿದರು! ಅಲ್ಲಿ ನಿಂತ ಮರಳನ್ನು ಡ್ರೆಜ್ಜರಿನಿಂದ ಎತ್ತಿ ಬಡಗಿನ ಬೀಚಿಗೆ ಹಾಕುವ ಪದ್ಧತಿ ಬಂತು. ಅಂದರೆ ತಡೆದ ಮರಳನ್ನು ಯಾರದೋ ಅವರಿಗೆ ವಾಪಸ್ಸು ಕೊಡುವುದು. ಖರ್ಚಿನ ಬಾಬತ್ತು, ಮತ್ತೆ ಮತ್ತೆ ಮಾಡುತ್ತಲೇ ಇರಬೇಕು.

ನಮ್ಮ ಉಳ್ಳಾಲದ ಲೆಕ್ಕ ಪೂರ್ತಿ ಮದ್ರಾಸಿನ ಹಾಗಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಕಡಲು ತಿಂದದ್ದನ್ನು ಮಳೆ ಬಿಟ್ಟ ಮೇಲೆ ಸುಮಾರು ವಾಪಸ್ಸು ಕೊಡುತ್ತದೆ. ಆದರೆ ನೇತ್ರಾವತಿ-ಗುರುಪುರ ಅಳಿವೆಬಾಗಿಲಲ್ಲಿ 90ರ ದಶಕದಲ್ಲಿ ಎರಡು ಕಡೆ ಬ್ರೇಕ್‌ವಾಟರ್ ಬಂತು, ಬೋಟುಗಳು ಸಲೀಸಾಗಿ ಹೋಗಿ ಬರಲಿ ಅಂತ. ಆಮೇಲೆ ಉಳ್ಳಾಲ ಅಂದರೆ ಕೊರೆತ ಅನ್ನುವ ಹಾಗಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಬ್ರೇಕ್‌ವಾಟರ್ ಸರಿಮಾಡಿ, ಕಡಲಲ್ಲಿ ಮುಳುಗಿರುವ ರೀಫ್ ಕಟ್ಟಿದರು. ಅಲೆಯ ಶಕ್ತಿಯನ್ನು ದೂರದಲ್ಲೇ ಮುರಿಯುವ ಉಪಾಯ ಅದು, ಬರೀ ಗೋಡೆಗಿಂತ ಬುದ್ಧಿವಂತಿಕೆಯದ್ದು ಅಂತ ನನಗನ್ನಿಸುತ್ತದೆ. ಮೊನ್ನೆ ಮೊನ್ನೆಯ ಮಳೆಗಾಲಗಳಲ್ಲಿ ಜೋರು ಸುದ್ದಿಯಾದದ್ದು ಅದಕ್ಕಿಂತ ತೆಂಕಿನ ಉಚ್ಚಿಲ, ಬಟ್ಟಪ್ಪಾಡಿ.

ನಾನು ಇದನ್ನೆಲ್ಲ ಓದಲು ಶುರುಮಾಡಿದ್ದು ಅಜ್ಜಿಮನೆಯಿಂದಾಗಿ. ಹಿತ್ತಲು ದಾಟಿದರೆ ಕಡಲು. ನಾನು ಹೈಸ್ಕೂಲಲ್ಲಿರುವಾಗ ಮಾವ ಸಾಲ ಮಾಡಿ ಹಿತ್ತಲಿಗೆ ಕಲ್ಲು ಹಾಕಿಸಿದರು, ಮನೆ ಉಳಿಯಿತು. ಎರಡು ಮಳೆಗಾಲ ಕಳೆಯುವಾಗ ಪಕ್ಕದ ಮನೆಯವರ ಐದು ತೆಂಗಿನ ಮರ ಬಿದ್ದವು. ನಮ್ಮ ಕಲ್ಲಿನಿಂದಲೇ ಅಂತ ಅವರು, ಕಡಲಿನ ಕೆಲಸ ಅಂತ ಮಾವ. ಅವತ್ತು ನಾನು ಮಾವನ ಪರ ಮಾತಾಡಿದ್ದೆ. ಈ ಸಲ ಹೋದಾಗ ಪಕ್ಕದ ಮನೆಯ ಅಕ್ಕ ಎಂದಿನ ಹಾಗೆ ಚಾ ಕೊಟ್ಟರು. ಅವರ ಹಿತ್ತಲಲ್ಲಿ ಈಗ ಒಂದೇ ಮರ ಉಂಟು.