ಶರತ್ತಿನ ಅಮಲ್ದಾರರೂ ಹುಜೂರಿನ ಕಮಿಷನರರೂ

ದೊಡ್ಡ ಸಂಸ್ಥೆಯೊಂದರ ಯಜಮಾನನು ತನ್ನ ಅಧಿಕಾರದ ಒಂದು ಪಾಲನ್ನು ಕೈಕೆಳಗಿನವರಿಗೆ ವಹಿಸದೆ ಕಾರ್ಯಭಾರವನ್ನು ನಡೆಸಲಾರನೆಂಬುದು ಸರ್ವವಿದಿತ. ಆದರೆ ಹಾಗೆ ವಹಿಸಿದ ಮೇಲೆ ಆ ಯಜಮಾನನ ತೀರ್ಮಾನಶಕ್ತಿಗೆ ಏನಾಗುತ್ತದೆಂಬುದನ್ನು ನಾವು ಸಾಕಷ್ಟು ಯೋಚಿಸುವುದಿಲ್ಲ. ಇದಕ್ಕೆ ದೂರದ ನಿದರ್ಶನಗಳನ್ನು ಅರಸಬೇಕಾಗಿಲ್ಲ. 1811ರಿಂದ 1862ರವರೆಗಿನ ಮೈಸೂರು ಸಂಸ್ಥಾನದ ಆಡಳಿತವನ್ನು ನೋಡಿದರೆ ಸಾಕು.

1811ರಲ್ಲಿ ದಿವಾನ್ ಪೂರ್ಣಯ್ಯನವರಿಂದ ಮುಮ್ಮಡಿ ಕೃಷ್ಣರಾಜ ಒಡೆಯರು ರಾಜ್ಯಭಾರವನ್ನು ವಹಿಸಿಕೊಂಡರು. ಅವರ ಕಾಲದಲ್ಲಿ ಸಂಸ್ಥಾನವು ಫೌಜುದಾರರ ಮತ್ತು ಅವರ ಕೆಳಗಿನ ಅಮಲ್ದಾರರ ಕೈಯಲ್ಲಿ ನಡೆಯುತ್ತಿತ್ತು. ಆಗ ಬಳಕೆಯಲ್ಲಿದ್ದುದು ಶರತ್ತು ಪದ್ಧತಿ. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಒಪ್ಪಿಸುವೆನೆಂದು ಸರ್ಕಾರಕ್ಕೆ ಶರತ್ತು ಬರೆದುಕೊಡಬೇಕು. ವಸೂಲಿ ಹೆಚ್ಚಿದರೆ ಹೆಚ್ಚಳವನ್ನು ಖಜಾನೆಗೆ ಕಟ್ಟಬೇಕು, ಕಡಿಮೆಯಾದರೆ ತಾನೇ ತುಂಬಿಕೊಡಬೇಕು.

ಮೇಲುನೋಟಕ್ಕೆ ಇದು ಅಚ್ಚುಕಟ್ಟಾದ ಏರ್ಪಾಡು. ಹೊಣೆ ಸ್ಪಷ್ಟ, ಮೊತ್ತವೂ ನಿಶ್ಚಿತ. ಆದರೆ ವಹಿಸಿದ್ದು ಹಣದ ಹೊಣೆಯನ್ನು ಮಾತ್ರ. ಆ ಹಣವನ್ನು ಯಾವ ರೀತಿಯಲ್ಲಿ ಎತ್ತಬೇಕು, ಎಲ್ಲಿಗೆ ನಿಲ್ಲಬೇಕು ಎಂಬುದಕ್ಕೆ ಕಟ್ಟುಪಾಡಿರಲಿಲ್ಲ. ಮುಂದೆ ಬ್ರಿಟಿಷ್ ಕಮಿಷನ್ನಿನ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769 ಎಂದು ಲೂಯಿಸ್ ರೈಸ್ ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಮದುವೆಗೊಂದು ತೆರಿಗೆ, ಮಗು ಹುಟ್ಟಿದರೆ, ಅದಕ್ಕೆ ಹೆಸರಿಟ್ಟರೆ, ತಲೆಗೂದಲು ತೆಗೆಸಿದರೆ ಒಂದೊಂದು ತೆರಿಗೆ! ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಪೂರ್ವಿಕರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ಒಂದು ಹಳ್ಳಿಯವರು ತಲೆತಲಾಂತರ ದಂಡ ತೆರುತ್ತಿದ್ದರಂತೆ. ಇವೆಲ್ಲ ಶರತ್ತಿನ ಕಾಲದಲ್ಲಿಯೇ ಹುಟ್ಟಿದವೆಂದು ಹೇಳಿದರೆ ಅನ್ಯಾಯವಾದೀತು. ಆದರೆ ಮೊತ್ತ ತುಂಬಿಸಲೇಬೇಕಾಗಿದ್ದ ಅಮಲ್ದಾರನು ಇವುಗಳಲ್ಲಿ ಒಂದನ್ನಾದರೂ ತಾನಾಗಿ ಬಿಟ್ಟಾನೆಯೆ?

ಇದರಿಂದ ಅರಸರ ತೀರ್ಮಾನಗಳಿಗೆ ಆದ ಹಾನಿಯೇ ನಮ್ಮ ವಿಚಾರಕ್ಕೆ ಮುಖ್ಯ. ತಾಲ್ಲೂಕಿನ ಸುದ್ದಿ ಅರಮನೆಗೆ ಮುಟ್ಟುತ್ತಿದ್ದುದು ಯಾರ ಮೇಲೆ ದೂರಿತ್ತೋ ಅವರ ಮೂಲಕವೇ. ನಗರದ ಫೌಜುದಾರಿಯನ್ನು ನಡೆಸಿದ್ದ ರಾಮರಾಯನ ಕಡೆಯವರು ಮೈಸೂರಿನಲ್ಲಿಯೂ ಪ್ರಬಲರಾಗಿದ್ದರು. 1825ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಮೈಸೂರಿಗೆ ಬಂದು ಹಣಕಾಸಿನ ವಿಷಯದಲ್ಲಿ ಎಚ್ಚರಿಕೆ ಕೊಟ್ಟರೂ ವ್ಯವಸ್ಥೆ ಬದಲಾಗಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು. ಕೆಳದಿಯ ಅರಸುಮನೆತನದವನೆಂದು ಹೇಳಿಕೊಂಡ ಬೂದಿ ಬಸವಪ್ಪನು ಅವರ ನಡುವೆ ಕಾಣಿಸಿಕೊಂಡನು. ದಂಗೆಯನ್ನು ಅಡಗಿಸಲು ಕಂಪನಿಯ ಸೇನೆಯೇ ಬರಬೇಕಾಯಿತು. 1831ರ ಅಕ್ಟೋಬರಿನಲ್ಲಿ ಲಾರ್ಡ್ ವಿಲಿಯಂ ಬೆಂಟಿಂಕ್ ಆಡಳಿತವನ್ನೇ ಕಿತ್ತುಕೊಂಡರು.

ಅರಸರ ತಪ್ಪು ಎಷ್ಟು? 1833ರ ವಿಚಾರಣಾ ಸಮಿತಿಯ ವರದಿಯನ್ನು ನೋಡಿದ ಮೇಲೆ ಬೆಂಟಿಂಕರೇ ತಮ್ಮ ಕ್ರಮ ಅತಿಯಾಯಿತೇನೋ ಎಂದು ಚಿಂತಿಸಿ, ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸಬೇಕೆಂದು ಸೂಚಿಸಿದ್ದರು, ಅದು ಈಡೇರಲಿಲ್ಲ. ಅರಸರು ಅಧಿಕಾರವನ್ನು ವಹಿಸಿದುದು ತಪ್ಪಲ್ಲ, ವಹಿಸಿದುದರ ಮೇಲೆ ಬೇರೊಂದು ಕಣ್ಣು ಇಡದಿದ್ದುದು ತಪ್ಪು ಎಂದು ನನಗೆ ತೋರುತ್ತದೆ.

ಮುಂದೆ ಬಂದವರೂ ಎಡವದೆ ಇರಲಿಲ್ಲ. ಮೊದಲು ಇಬ್ಬರು ಕಮಿಷನರುಗಳನ್ನು ನೇಮಿಸಿದರು. ಹಿರಿಯರನ್ನು ಆರಿಸಿದವರು ಗವರ್ನರ್ ಜನರಲ್, ಕಿರಿಯರನ್ನು ಆರಿಸಿದವರು ಮದರಾಸು ಸರ್ಕಾರ. ಒಂದೇ ಅಧಿಕಾರ ಇಬ್ಬರ ಕೈಯಲ್ಲಿದ್ದುದರಿಂದ ಭಿನ್ನಾಭಿಪ್ರಾಯಗಳೇ ಬೆಳೆದವು. 1834ರಲ್ಲಿ ಈ ಏರ್ಪಾಡನ್ನು ಬಿಟ್ಟು ಮಾರ್ಕ್ ಕಬ್ಬನ್ ಒಬ್ಬರನ್ನೇ ನಿಲ್ಲಿಸಿದರು.

ಕಬ್ಬನ್ನರು ಬೆಂಗಳೂರು, ಚಿತ್ರದುರ್ಗ, ಅಷ್ಟಗ್ರಾಮ, ನಗರ ಎಂಬ ನಾಲ್ಕು ವಿಭಾಗಗಳಿಗೆ ಸೂಪರಿಂಟೆಂಡೆಂಟರನ್ನಿಟ್ಟರು. ಅಮಲ್ದಾರರು ಉಳಿದರು, ಆದರೆ ಯಾವ ಮೊತ್ತದವರೆಗಿನ ವ್ಯಾಜ್ಯವನ್ನು ಯಾರು ತೀರಿಸಬೇಕು, ಅಪೀಲು ಎಲ್ಲಿಗೆ ಹೋಗಬೇಕು ಎಂಬುದು ನಿಗದಿಯಾಯಿತು. ಹೀಗೆ ರೈತನ ದೂರು ಅಮಲ್ದಾರನನ್ನು ದಾಟಿ ಮೇಲಕ್ಕೆ ಏರಲು ಮೆಟ್ಟಿಲು ದೊರೆಯಿತು. ಇದು ದೊಡ್ಡ ಲಾಭವೆಂಬುದರಲ್ಲಿ ಸಂಶಯವಿಲ್ಲ. ಆದರೆ ಕಂದಾಯ, ಅಂಚೆ, ಪೊಲೀಸು, ಮರಾಮತ್ತು, ಅಮೃತಮಹಲಿನ ದನಗಳ ವಿಚಾರ ಸಹಿತ ಎಲ್ಲ ಕಾಗದಗಳೂ ಕೊನೆಗೆ ಕಬ್ಬನ್ನರ ಕಚೇರಿಗೇ ಬಂದು ಸೇರಿದವು. ಅವರು ದಕ್ಷರು, ದೀರ್ಘಕಾಲ ಇದ್ದವರು. ಆದುದರಿಂದ ಕೆಲಸ ನಡೆಯಿತು. ಒಬ್ಬ ಮನುಷ್ಯನ ಆಯುಷ್ಯವನ್ನು ನಂಬಿ ಸಂಸ್ಥಾನವನ್ನು ಎಷ್ಟು ದಿನ ನಡೆಸಬಹುದು? 1856ರಲ್ಲಿ ನ್ಯಾಯದ ಹೊಣೆಯನ್ನು ಜ್ಯುಡಿಷಿಯಲ್ ಕಮಿಷನರರಿಗೆ ಬೇರ್ಪಡಿಸಿದಾಗ ಭಾರ ಸ್ವಲ್ಪ ಇಳಿಯಿತು. 1861ರಲ್ಲಿ ಕಬ್ಬನ್ನರು ಕೆಲಸ ಬಿಟ್ಟು ಸ್ವದೇಶಕ್ಕೆ ಹೊರಟು, ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡರು.

ಅವರ ನಂತರ ಬಂದ ಲೂಯಿನ್ ಬೌರಿಂಗರು 1862ರಿಂದ ಸಂಸ್ಥಾನವನ್ನು ಮೂರು ವಿಭಾಗಗಳಾಗಿಯೂ ಎಂಟು ಜಿಲ್ಲೆಗಳಾಗಿಯೂ ವಿಂಗಡಿಸಿ, ಜಿಲ್ಲೆಗೊಬ್ಬ ಡೆಪ್ಯುಟಿ ಕಮಿಷನರರನ್ನು ನೇಮಿಸಿದರು. ಅಂದಿನಿಂದ ನಗರ ಸೀಮೆಯ ರೈತನು ತನ್ನ ಅಹವಾಲನ್ನು ಹಿಡಿದು ಬೆಂಗಳೂರಿನವರೆಗೆ ನಡೆಯದೆ, ಶಿವಮೊಗ್ಗೆಯ ಕಚೇರಿಯಲ್ಲಿಯೇ ಉತ್ತರ ಪಡೆಯುವಂತಾಯಿತು.